ಸುರಪುರದ ದುರಂತವೂ ನಾಟಕಶಾಸ್ತ್ರದ ಗ್ರಂಥಗಳೂ

ನಾಟಕಕಲೆಯನ್ನು ಕುರಿತ ಗ್ರಂಥಗಳಿಗೆ ಬೆಲೆಗಟ್ಟುವಾಗ ನಾವು ಸಾಮಾನ್ಯವಾಗಿ ಹಿಡಿಯುವ ದಾರಿ ಒಂದೇ: ಗ್ರಂಥಕರ್ತನು ಹೇಳಿದ ಲಕ್ಷಣವು ಅವನೇ ಉದಾಹರಿಸಿದ ನಾಟಕಗಳಿಗೆ ಹೊಂದುವುದೋ ಇಲ್ಲವೋ ಎಂದು ನೋಡುವುದು. ಲಕ್ಷ್ಯವನ್ನು ನೋಡಿಯೇ ಲಕ್ಷಣವನ್ನು ಬರೆದಿರುವುದರಿಂದ ಅದು ಹೊಂದದಿರುವುದು ಅಪರೂಪ. ಇದಕ್ಕಿಂತ ಕಠಿನವಾದ ಪರೀಕ್ಷೆ ಮತ್ತೊಂದುಂಟು. ಆ ಗ್ರಂಥಗಳ ಕಣ್ಣಿಗೆ ಬೀಳದಿದ್ದ ಒಂದು ಕಥೆಯನ್ನು ಅವುಗಳ ಮುಂದಿಟ್ಟು, ಇದನ್ನು ರಂಗಕ್ಕೆ ತರುವ ಬಗೆ ಯಾವುದೆಂದು ಕೇಳುವುದು. ಹಾಗೆ ಕೇಳುವುದಕ್ಕೆ ನಾವು ಇಲ್ಲಿ ಆರಿಸಿಕೊಂಡಿರುವ ಕಥೆ ಸುರಪುರ ಸಂಸ್ಥಾನವನ್ನಾಳಿದ ಕಡೆಯ ಅರಸ ರಾಜಾ ವೆಂಕಟಪ್ಪನಾಯಕನದು.

ಇದನ್ನು ಆರಿಸಿದುದಕ್ಕೆ ಕಾರಣವುಂಟು. ಕನ್ನಡ ರಂಗಭೂಮಿಯ ಚರಿತ್ರೆಯನ್ನು ಬರೆಯುವವರು ಗದಗಿನ ಶಾಂತಕವಿಗಳಿಂದಲೋ ಮೈಸೂರಿನ ಅರಮನೆಯ ಕಂಪನಿಯಿಂದಲೋ ಹೊರಡುವುದು ವಾಡಿಕೆ. ಇಂದು ಯಾದಗಿರಿ ಜಿಲ್ಲೆಗೆ ಸೇರಿರುವ ಸುರಪುರ, ಶಹಾಪುರಗಳ ಸೀಮೆಯು 1948ರವರೆಗೆ ನಿಜಾಮರ ರಾಜ್ಯದಲ್ಲಿದ್ದುದರಿಂದ ಆ ಚರಿತ್ರೆಯ ಅಂಚಿನಲ್ಲಿಯೇ ಉಳಿದುಹೋಯಿತು. ಆದರೆ ಕಥಾವಸ್ತುವಿನ ಸಮೃದ್ಧಿಯಲ್ಲಿ ಈ ಸೀಮೆಯು ಯಾವುದಕ್ಕೂ ಬಿಟ್ಟುಕೊಡುವಂಥದಲ್ಲ. ಸುರಪುರದ ಗುಡ್ಡದ ಮೇಲೆ ಇಂದಿಗೂ ನಿಂತಿರುವ ಟೇಲರ್ ಮಂಜಿಲನ್ನು ನೋಡಿದವರಿಗೆ ಆ ಕಥೆಯ ಎರಡನೆಯ ಪಾತ್ರವು ಯಾರೆಂಬುದನ್ನು ಹೇಳಬೇಕಾಗಿಲ್ಲ.

ಕಥೆಯ ಮುಖ್ಯಾಂಶಗಳು ಹೀಗಿವೆ. ಅರಸನು ತೀರಿಕೊಂಡು ಅವನ ಮಗನು ಎಳೆಯ ಹುಡುಗನಾಗಿದ್ದಾಗ, ರಾಣಿ ಈಶ್ವರಮ್ಮನಿಗೂ ಹುಡುಗನ ಚಿಕ್ಕಪ್ಪ ಪಿಡ್ಡನಾಯಕನಿಗೂ ಆಡಳಿತದ ಬಗ್ಗೆ ತಕರಾರು ಹುಟ್ಟಿತು. ಅದನ್ನು ಸರಿಪಡಿಸಲು ಬಂದ ಅಂಗ್ಲ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರನು 1853ರವರೆಗೆ, ಸುಮಾರು ಹನ್ನೆರಡು ವರ್ಷ, ಸಂಸ್ಥಾನವನ್ನು ನಡೆಯಿಸಿದನು, ಹುಡುಗನನ್ನು ಓದಿಸಿದನು, ಹುಡುಗನು ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದನು. ಪ್ರಾಯಕ್ಕೆ ಬಂದ ಅರಸನಿಗೆ ರಾಜ್ಯವನ್ನು ಒಪ್ಪಿಸಿ ಟೇಲರನು ನಳದುರ್ಗಕ್ಕೆ ಹೋದನು. 1858ರ ಫೆಬ್ರವರಿಯಲ್ಲಿ ಸುರಪುರದಲ್ಲಿ ಬಂಡಾಯವೆದ್ದಿತು. ಅಂಗ್ಲರ ಶಿಬಿರದ ಮೇಲೆ ರಾತ್ರಿ ಧಾಳಿ ನಡೆಯಿತು. ಕ್ಯಾಪ್ಟನ್ ನ್ಯೂಬರಿಯು ಕಾದಾಟದಲ್ಲಿ ಮಡಿದನು. ಅರಸನು ಹೈದರಾಬಾದಿಗೆ ಓಡಿ ಅಲ್ಲಿ ಸೆರೆಸಿಕ್ಕಿದನು. ವಿಚಾರಣೆಯಾಗಿ ವಿಧಿಸಿದ ಮರಣದಂಡನೆಯು ಮೊದಲು ದ್ವೀಪಾಂತರವಾಸಕ್ಕೂ ಅನಂತರ ಚೆಂಗಲ್ಪಟ್ಟಿನ ಕೋಟೆಯಲ್ಲಿ ನಾಲ್ಕು ವರ್ಷಗಳ ಸೆರೆಗೂ ಇಳಿಯಿತು. ಅಲ್ಲಿಗೆ ಕರೆದೊಯ್ಯುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿನಿಂದ ಅರಸನು ಸತ್ತನು. ಅವನಿಗೆ ಇಪ್ಪತ್ತನಾಲ್ಕು ವರ್ಷ ತುಂಬಿರಲಿಲ್ಲ. 1860ರಲ್ಲಿ ಸುರಪುರವು ನಿಜಾಮರ ಕೈಸೇರಿತು. ಅದೇ ವರ್ಷ ಟೇಲರನು ಹಿಂದೂದೇಶವನ್ನು ಬಿಟ್ಟನು.

ಇಷ್ಟನ್ನು ಯಾವ ಇತಿಹಾಸಕಾರನಾದರೂ ಹೇಳಬಲ್ಲನು; ಸುರಪುರ ಸಂಸ್ಥಾನದ ಇತಿಹಾಸವನ್ನು ಕನ್ನಡದಲ್ಲಿ ಬರೆದ ಕಪಟರಾಳ ಕೃಷ್ಣರಾಯರಂಥ ವಿದ್ವಾಂಸರು ಹೇಳಿಯೂ ಇದ್ದಾರೆ. ಆದರೆ ಈ ಕಥೆಯಲ್ಲಿ ಕಣ್ಣು ಒದ್ದೆಯಾಗಿಸುವ ಭಾಗಗಳೆಲ್ಲವೂ, ಎಂದರೆ ‘ಅಪ್ಪಾ’ ಎಂಬ ಕರೆ, ಸೆರೆಮನೆಯ ಭೇಟಿ, ಜಾತಕದ ಗುಟ್ಟು, ಬಹುಮಟ್ಟಿಗೆ ಒಂದೇ ಕಡೆಯಿಂದ ಬಂದಿವೆ: ಟೇಲರನ ಆತ್ಮಚರಿತ್ರೆ. ಅವನು 1876ರಲ್ಲಿ ತೀರಿಕೊಂಡ ಮೇಲೆ ಅವನ ಮಗಳು ಅದನ್ನು ಸಂಪಾದಿಸಿ 1877ರಲ್ಲಿ ಪ್ರಕಟಿಸಿದಳು. ಆದಕಾರಣ ಸುರಪುರದ ಮೇಲೆ ನಾಟಕವನ್ನು ಬರೆಯಬೇಕೆನ್ನುವವನು ಮೊದಲು ಇತ್ಯರ್ಥಪಡಿಸಿಕೊಳ್ಳಬೇಕಾದ ಪ್ರಶ್ನೆಯು ವೆಂಕಟಪ್ಪನಾಯಕನು ಎಂಥವನೆಂಬುದಲ್ಲ. ಈ ಪುಸ್ತಕವನ್ನು ಹೇಗೆ ಓದಬೇಕು ಎಂಬುದು.

ಇನ್ನು ನಮ್ಮ ಲಾಕ್ಷಣಿಕರನ್ನು ಕೇಳೋಣ. ದಶರೂಪಕಕಾರನಾದ ಧನಂಜಯನು ಅಂಕದಲ್ಲಿ ಪ್ರತ್ಯಕ್ಷವಾಗಿ ತೋರಿಸಬಾರದವುಗಳನ್ನು ಎಣಿಸುವಾಗ ದೂರದ ಪ್ರಯಾಣ, ವಧೆ, ಯುದ್ಧ, ರಾಜ್ಯದ ವಿಪ್ಲವ, ಕೋಟೆಯ ಮುತ್ತಿಗೆ ಇವುಗಳನ್ನು ಹೇಳುತ್ತಾನೆ. ವಾಚಕರು ಮೇಲಿನ ಕಥಾಸಾರವನ್ನು ಮತ್ತೊಮ್ಮೆ ನೋಡಬೇಕು. ಈ ನಿಷೇಧಗಳಲ್ಲಿ ಒಂದಾದರೂ ಸುರಪುರದ ಕಥೆಯ ಹೊರಗೆ ಉಳಿದಿದೆಯೆ? ಇಷ್ಟಕ್ಕೆ ನಮ್ಮ ತರುಣ ನಾಟಕಕಾರರು ಶಾಸ್ತ್ರವನ್ನು ಮುಚ್ಚಿ ಬದಿಗಿಟ್ಟುಬಿಡುವರು, ಅದು ಆತುರವಾಗುವುದು. ಏಕೆಂದರೆ ಶಾಸ್ತ್ರವು ಇವುಗಳನ್ನು ನಾಟಕದಿಂದಲೇ ಹೊರಕ್ಕೆ ಹಾಕಿಲ್ಲ. ವಿಷ್ಕಂಭ, ಪ್ರವೇಶಕ, ಚೂಲಿಕೆ ಮೊದಲಾದ ಅರ್ಥೋಪಕ್ಷೇಪಕಗಳ ಮೂಲಕ, ನೋಡಿದವರ ಅಥವಾ ಕೇಳಿದವರ ಬಾಯಿಂದ, ಸೂಚಿಸಬಹುದೆಂದು ದಾರಿ ಬಿಟ್ಟಿದೆ. ಒಂದನ್ನು ಮಾತ್ರ ಅದು ಸೂಚನೆಯಿಂದಲೂ ತರಗೊಡದು: ಅಧಿಕಾರಿಯ ವಧೆ. ಅಧಿಕಾರಿಯೆಂದರೆ ಫಲಕ್ಕೆ ಒಡೆಯನಾದವನು, ಕಥೆಯ ನಾಯಕ.

ಗ್ರಂಥದ ಬೆಲೆಯು ತಿಳಿಯುವುದು ಇಲ್ಲಿಯೇ. ಸುರಪುರದ ಕಥೆಯಲ್ಲಿ ಅಧಿಕಾರಿ ಯಾರು? ಕನ್ನಡದಲ್ಲಿ ಈ ಶಬ್ದಕ್ಕೆ ಕಾಲಕ್ರಮದಲ್ಲಿ ಬಂದ ಎರಡನೆಯ ಅರ್ಥವು ಪ್ರಶ್ನೆಯನ್ನು ಇನ್ನಷ್ಟು ಹರಿತಗೊಳಿಸುತ್ತದೆ. ಟೇಲರನ ಪುಸ್ತಕದಲ್ಲಿ ಅಧಿಕಾರಿಯು, ಎರಡರ್ಥದಲ್ಲಿಯೂ, ಟೇಲರನೇ. ಅವನ ಬಾಳು ಅದು. ಅರಸನು ಅವನ ಬಾಳಿನಲ್ಲಿ ಬಂದು ಹೋದ ಒಂದು ಪ್ರಕರಣ. ಆದುದರಿಂದಲೇ ಅರಸನ ಸಾವು ಅಲ್ಲಿ ಶಾಸ್ತ್ರಸಮ್ಮತವಾದ ರೀತಿಯಲ್ಲಿ ಬರುತ್ತದೆ: ಟೇಲರನು ಅದನ್ನು ಕಾಣಲಿಲ್ಲ, ಸುದ್ದಿಯಾಗಿ ಕೇಳಿದನು, ಕೇಳಿದುದನ್ನು ನಮಗೆ ಹೇಳಿದನು. ಪ್ರವೇಶಕದ ನೀತಿಯು ಇದಲ್ಲದೆ ಬೇರೇನು? ವೆಂಕಟಪ್ಪನಾಯಕನನ್ನೇ ನಾಯಕನನ್ನಾಗಿ ಮಾಡಿದೆವೋ, ಅದೇ ಸಾವು ಶಾಸ್ತ್ರವು ಎಲ್ಲಿಯೂ ಒಪ್ಪದ ಸಾವಾಗುತ್ತದೆ. ಮೂರನೆಯ ಒಂದು ಉತ್ತರವೂ ಉಂಟು, ಅದು ಎರಡಕ್ಕಿಂತ ಕಹಿಯಾದುದು: ಫಲವು ಈ ಇಬ್ಬರಲ್ಲಿ ಯಾರ ಕೈಗೂ ಹತ್ತಲಿಲ್ಲ, ರಂಗದ ಮೇಲೆ ಒಮ್ಮೆಯೂ ಕಾಣಿಸಿಕೊಳ್ಳದವರ ಕೈಸೇರಿತು. ಸಾವಿರ ವರ್ಷದ ಹಿಂದೆ ಧಾರಾನಗರಿಯಲ್ಲಿ ಬರೆದ ಒಂದು ನಿಯಮವು ನಿನ್ನೆಮೊನ್ನೆಯ ಬಂಡಾಯವೊಂದರ ಗಂಟನ್ನು ಇಷ್ಟು ನೇರವಾಗಿ ಮುಟ್ಟುವುದಾದರೆ, ಅದನ್ನು ಹಳತೆಂದು ಸರಿಸುವುದು ಜಾಣತನವಲ್ಲ.

ಶಾಸ್ತ್ರವು ಪ್ರಶ್ನೆಯನ್ನು ಕೊಟ್ಟಿತೆಂದರೆ ಉತ್ತರವನ್ನೂ ಕೊಟ್ಟಿತೆಂದಲ್ಲ. 1912ರಿಂದ ತಿರುವನಂತಪುರದಲ್ಲಿ ಗಣಪತಿಶಾಸ್ತ್ರಿಗಳು ಭಾಸನವೆಂದು ಪ್ರಕಟಿಸಿದ ಹದಿಮೂರು ನಾಟಕಗಳಲ್ಲಿ ‘ಊರುಭಂಗ’ವು ತೊಡೆ ಮುರಿದ ದುರ್ಯೋಧನನನ್ನು ರಂಗದ ಮೇಲೆಯೇ ಸಾಯಗೊಡುತ್ತದೆ. ಕನ್ನಡದಲ್ಲಿ ರನ್ನನು ಅದೇ ವೀರನ ಮೇಲೆ ತೋರಿದ ಕರುಣೆಯನ್ನು ಹಿಡಿದು ಬಿ. ಎಂ. ಶ್ರೀಕಂಠಯ್ಯನವರು 1926ರಲ್ಲಿ ‘ಗದಾಯುದ್ಧ ನಾಟಕ’ವನ್ನೂ 1929ರಲ್ಲಿ ‘ಅಶ್ವತ್ಥಾಮನ್’ ರುದ್ರನಾಟಕವನ್ನೂ ಕೊಟ್ಟ ಮೇಲೆ, ನಾಯಕನು ಸಾಯಬಾರದೆಂಬ ವಾದವು ನಮ್ಮಲ್ಲಿ ಮುಗಿದುಹೋದಂತೆಯೇ. ಆದರೆ ಶ್ರೀಯವರ ನಾಯಕರು ಕಾವ್ಯದಿಂದ ಬಂದವರು. ಅವರ ಸಾವಿಗೆ ಕವಿಯೇ ಸಾಕ್ಷಿ. ವೆಂಕಟಪ್ಪನಾಯಕನ ಸಾವಿಗೆ ಸಾಕ್ಷಿಯೆಂಬುದೇ ವಿವಾದ. ಅದು ಆತ್ಮಹತ್ಯೆಯೋ, ಆಕಸ್ಮಿಕವೋ, ಕಾವಲಿನವರ ಕೃತ್ಯವೋ? ಇವುಗಳಲ್ಲಿ ಒಂದನ್ನು ಆರಿಸಿ ತೋರಿಸಿದರೆ ನಾಟಕಕಾರನು ನ್ಯಾಯಾಧೀಶನಾಗುವನು. ತೋರಿಸದೆ, ಸುದ್ದಿಯು ಬರುವುದನ್ನು ತೋರಿಸಿದರೆ ಮೂರು ಸಂದೇಹಗಳೂ ಪ್ರೇಕ್ಷಕನ ಎದೆಯಲ್ಲಿ ಒಟ್ಟಿಗೆ ನಿಲ್ಲುವುವು. ನಮ್ಮ ಮಟ್ಟಿಗೆ ಎರಡನೆಯದೇ ಸರಿಯೆಂದು ತೋರುತ್ತದೆ; ಗ್ರೀಕರ ದೂತನೂ ನಮ್ಮ ಪ್ರವೇಶಕವೂ ಕೈಕೂಡಿಸುವ ಸ್ಥಳ ಇದು.

ಗ್ರೀಕರ ಮಾತು ಬಂದುದರಿಂದ ಅರಿಸ್ಟಾಟಲನನ್ನೂ ಕೇಳಬೇಕು. ಅವನು ದುರಂತಕ್ಕೆ ಪ್ರಾಣವೆಂದು ಎಣಿಸುವ ಪರಿವರ್ತನೆಯು, ಎಂದರೆ ಒಳಿತಾಗುವುದೆಂದು ನಂಬಿ ಮಾಡಿದುದೇ ಕೇಡಿಗೆ ತಿರುಗುವುದು, ಟೇಲರನ ಪುಸ್ತಕದಲ್ಲಿ ಅಚ್ಚುಕಟ್ಟಾಗಿ ಕುಳಿತಿದೆ. ಬಾಲಕನು ಇಪ್ಪತ್ತನಾಲ್ಕನೆಯ ವರ್ಷವನ್ನು ದಾಟಲಾರನೆಂಬ ಜಾತಕದ ಗುಟ್ಟನ್ನು ಬೆರಳೆಣಿಕೆಯ ಕೆಲವರು ಮಾತ್ರ ಬಲ್ಲರು, ಅವರಲ್ಲಿ ಟೇಲರನೊಬ್ಬ. ಶಿಕ್ಷೆಯು ನಾಲ್ಕು ವರ್ಷದ ಸೆರೆಗೆ ಇಳಿದ ಸುದ್ದಿ ಬಂದಾಗ ಜ್ಯೋತಿಷ್ಯವು ಸುಳ್ಳಾಯಿತೆಂದು ಸಂತೋಷ. ಆ ಸಂತೋಷದ ಬೆನ್ನಿಗೇ ಸಾವಿನ ಸುದ್ದಿ. ಶಿಕ್ಷೆ ಕಡಿಮೆಯಾದುದರಿಂದಲೇ ಪ್ರಯಾಣ, ಪ್ರಯಾಣದಲ್ಲಿಯೇ ಪಿಸ್ತೂಲು. ಸೋಫೋಕ್ಲೀಸನು ಕೂಡ ಇದಕ್ಕಿಂತ ಬಿಗಿಯಾಗಿ ಗಂಟು ಹಾಕಲಾರನು.

ನಮಗೆ ಸಂದೇಹವು ಹುಟ್ಟಬೇಕಾದುದೂ ಈ ಬಿಗಿಯನ್ನು ನೋಡಿಯೇ. ಟೇಲರನು ಬರಿಯ ಅಧಿಕಾರಿಯಲ್ಲ, ಕೈಪಳಗಿದ ಕಾದಂಬರಿಕಾರ. ಅವನ ‘ತಾರಾ’ 1863ರಲ್ಲಿಯೂ ‘ರಾಲ್ಫ್ ಡಾರ್ನೆಲ್’ 1865ರಲ್ಲಿಯೂ ‘ಸೀತಾ’ 1872ರಲ್ಲಿಯೂ ಹೊರಬಂದವು. ಮೂರರ ಕಥೆಗಳೂ 1657, 1757, 1857 ಎಂದು ನೂರು ನೂರು ವರ್ಷಗಳ ಅಂತರದಲ್ಲಿ ನಿಲ್ಲುವಂತೆ ಅವನು ಹವಣಿಸಿದ್ದನು. ಶಿವಾಜಿಯು ಅಫಜಲಖಾನನನ್ನು ಕೊಂದುದು 1659ರಲ್ಲಿ. ಆ ಎರಡು ವರ್ಷಗಳ ವ್ಯತ್ಯಾಸವನ್ನು ನುಂಗಿಕೊಂಡಾದರೂ ಶತಮಾನಗಳ ಸಾಲನ್ನು ನೇರಗೊಳಿಸಬೇಕೆಂಬ ಅವನ ಆಸೆಯನ್ನು ಗಮನಿಸತಕ್ಕದ್ದು. ವಿಧಿಯು ಕಟ್ಟಿದ ಗಡುವು, ಗಡುವಿಗೆ ಸರಿಯಾಗಿ ನಡೆಯುವ ಅನಾಹುತ, ಇದು ಆತನ ಕಲ್ಪನೆಗೆ ಒಗ್ಗಿದ ಅಚ್ಚು. ಸುರಪುರದ ಜಾತಕದ ಪ್ರಸಂಗವಾದರೋ ಅದು ಫಲಿಸಿದ ಎಷ್ಟೋ ವರ್ಷಗಳ ತರುವಾಯ, ದೂರದೇಶದಲ್ಲಿ ಕುಳಿತ ಮುದುಕನು ಬರೆದದ್ದು. ಅದು ಕಟ್ಟುಕಥೆಯೆಂದು ನಾವು ಹೇಳುತ್ತಿಲ್ಲ. ಜಾತಕವಿದ್ದಿರಬಹುದು, ಶಾಸ್ತ್ರಿಯೂ ಇದ್ದಿರಬಹುದು. ಆದರೆ ಯಾವ ಸಂಗತಿಯನ್ನು ಮೊದಲಿಗಿಟ್ಟು ಯಾವುದನ್ನು ಕಡೆಗಿಡಬೇಕೆಂಬ ನಿರ್ಣಯವು ನಾಟಕಕಾರನ ನಿರ್ಣಯ; ಅದನ್ನು ಟೇಲರನು ನಮಗಿಂತ ಮೊದಲೇ ಮಾಡಿಬಿಟ್ಟಿದ್ದಾನೆ. ಅಂಥ ಪುಸ್ತಕದಿಂದ ಸಂಗತಿಗಳನ್ನು ಮಾತ್ರ ಎತ್ತಿಕೊಂಡೆವೆಂದು ತಿಳಿಯುವ ನಾಟಕಕಾರನು ಅರಿಯದೆಯೇ ಸಂವಿಧಾನವನ್ನೂ ಎತ್ತಿಕೊಂಡಿರುವನು.

ಸಂವಿಧಾನವೊಂದೇ ಅಲ್ಲ. ಈ ಸಂವಿಧಾನವು ಒಬ್ಬನಿಗೆ ಉಪಕಾರ ಮಾಡುತ್ತದೆ. ಅರಸನ ಸಾವು ವಿಧಿಲಿಖಿತವಾದರೆ, ಹನ್ನೆರಡು ವರ್ಷ ಸಾಕಿದವನ ಹೊಣೆಯಾಗಲಿ, ರಾಜ್ಯವನ್ನು ನುಂಗಿದ ಸರಕಾರದ ಹೊಣೆಯಾಗಲಿ ಹಗುರಾಗುವುದಲ್ಲವೆ? ಜಾತಕವನ್ನು ರಂಗಕ್ಕೆ ತರುವವರು ಅದನ್ನು ವಿಧಿಯ ಮಾತಾಗಿ ತರಬಾರದು. ಟೇಲರನು ನೆಮ್ಮಿಕೊಂಡ ಮಾತಾಗಿ ತರಬೇಕು.

ಇದೇ ದೃಷ್ಟಿಯಿಂದ ಅವನ ಮೊದಲ ಪುಸ್ತಕವನ್ನೂ ನೋಡಬೇಕು. 1839ರಲ್ಲಿ ಪ್ರಕಟವಾದ ಅದರಲ್ಲಿ ಅಮೀರ ಅಲಿಯೆಂಬ ಠಕ್ಕನು ಸೆರೆಯಲ್ಲಿದ್ದು ತನ್ನ ಕಥೆಯನ್ನು ಸಾಹೇಬನಿಗೆ ಹೇಳುತ್ತಾನೆ. ಸಾಹೇಬನು ಬಹಳವಾಗಿ ಕೇಳುವವನೇ ಹೊರತು ಆಡುವವನಲ್ಲ. ಸೆರೆಯಲ್ಲಿರುವ ದೇಶೀಯನು, ಎದುರಿಗೆ ಸಾಹೇಬನು, ನಡುವೆ ತೆರೆದುಕೊಳ್ಳುವ ಮನಸ್ಸು: ಈ ದೃಶ್ಯವನ್ನು ಟೇಲರನು ಕಾದಂಬರಿಕಾರನಾಗಿ ಬರೆದ ಹತ್ತೊಂಬತ್ತು ವರ್ಷಗಳ ಮೇಲೆ ಸಿಕಂದರಾಬಾದಿನ ಸೆರೆಯಲ್ಲಿ ಅದೇ ದೃಶ್ಯದೊಳಕ್ಕೆ ತಾನೇ ಕಾಲಿಟ್ಟನು. ಒಂದು ಭೇದವುಂಟು. ಅಮೀರ ಅಲಿಯು ಎಲ್ಲವನ್ನೂ ಹೇಳಿದನು. ವೆಂಕಟಪ್ಪನಾಯಕನು, ತನ್ನನ್ನು ಪ್ರೇರಿಸಿದವರ ಹೆಸರನ್ನು ಕೇಳಿದಾಗ, ಹೇಳಲೊಲ್ಲದೆ ಹೋದನು. ಇಡೀ ಪುಸ್ತಕದಲ್ಲಿ ಟೇಲರನ ಕಲೆಗೆ ಸಿಕ್ಕದೆ ಅರಸನು ತಾನಾಗಿ ನಿಲ್ಲುವ ಕ್ಷಣವೆಂದರೆ ಆ ಮೌನ. ನಾಟಕದ ಶಿಖರವನ್ನು ಅಲ್ಲಿಡಬೇಕೇ ಹೊರತು ಧಾಳಿಯ ರಾತ್ರಿಯಲ್ಲಲ್ಲ.

ಕಂಪನಿಯ ನಾಟಕದ ಸಂಪ್ರದಾಯವು ಇದಕ್ಕೆ ಒಪ್ಪದು. ಕಿತ್ತೂರ ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ, ಸಿಂಧೂರ ಲಕ್ಷ್ಮಣ ಇವರ ಕಥೆಗಳು ಕಂಪನಿಗಳ ರಂಗದ ಮೇಲೆ ಜನರನ್ನು ಹುರಿದುಂಬಿಸಿದುದು ಸಣ್ಣ ಸೇವೆಯಲ್ಲ. ಆದರೆ ಆ ಅಚ್ಚಿಗೆ ಸುರಪುರದ ಕಥೆಯನ್ನು ಹೊಯ್ದರೆ ಮೊದಲು ಹಾಳಾಗುವವನು ಟೇಲರನು, ಅವನೊಡನೆ ಅರಸನು. ನಿರ್ದೇಶಕರು ಇಲ್ಲಿ ಒಂದು ಸಣ್ಣ ವಿಷಯದಲ್ಲಿ ಎಚ್ಚರ ವಹಿಸಬೇಕು. ನಮ್ಮ ರಂಗದ ಮೇಲೆ ಬಿಳಿಯ ದೊರೆಯು ಬಂದನೆಂದರೆ ಮುರುಕು ಕನ್ನಡವನ್ನಾಡಿ ನಗಿಸುವುದು ರೂಢಿಯಾಗಿಬಿಟ್ಟಿದೆ. ‘ಅಪ್ಪಾ’ ಎಂದು ಕರೆಸಿಕೊಂಡವನ ಬಾಯಲ್ಲಿ ಆ ಕನ್ನಡವನ್ನಿಟ್ಟರೆ ಮೊದಲನೆಯ ಅಂಕಕ್ಕೇ ನಾಟಕವು ಮುಗಿಯಿತು. ಅವನು ನೆಟ್ಟಗೆ, ನಿಧಾನವಾಗಿ, ಸ್ವಲ್ಪ ಗ್ರಾಂಥಿಕವಾಗಿಯೇ ಮಾತಾಡಲಿ. ಅರಸನೂ ಬೇಡರೂ ಸುರಪುರ ಸೀಮೆಯ ಮಾತನ್ನಾಡಲಿ. ಇಬ್ಬರ ನಡುವಣ ದೂರವು ವ್ಯಾಕರಣದಲ್ಲಿಯೇ ಕೇಳಿಸುವುದು.

ಐತಿಹಾಸಿಕ ನಾಟಕದಲ್ಲಿ ಎದುರಾಳಿಗೆ ಎತ್ತರವನ್ನು ಕೊಡುವ ಪಾಠವನ್ನು ಕನ್ನಡಕ್ಕೆ ಸಂಸರು ಆಗಲೇ ಕಲಿಸಿದ್ದಾರೆ. ‘ವಿಗಡ ವಿಕ್ರಮರಾಯ’ನಲ್ಲಿ ದ್ರೋಹಿಯಾದ ದಳವಾಯಿಯು ಹೆಸರಿಗೆ ಮಾತ್ರವಲ್ಲದೆ ತೂಕದಲ್ಲಿಯೂ ನಾಟಕದ ಒಡೆಯ. ನಮ್ಮ ವಿಷಯಕ್ಕೆ ಅದಕ್ಕಿಂತ ಹತ್ತಿರವಾದುದು ಗಿರೀಶ ಕಾರ್ನಾಡರು 1964ರಲ್ಲಿ ಪ್ರಕಟಿಸಿದ ‘ತುಘಲಕ್’. ಸುಲ್ತಾನನ ಚರಿತ್ರೆಯನ್ನು ಬರೆದ ಬರನಿಯನ್ನು ಅವರು ಆಧಾರವೆಂದು ಅಡಿಯಲ್ಲಿ ಹೂತಿಡದೆ ಪಾತ್ರವನ್ನಾಗಿ ರಂಗಕ್ಕೆ ಕರೆತಂದರು. ಮುಂದೆ ಟಿಪ್ಪುವಿನ ಕನಸುಗಳನ್ನು ಕುರಿತ ನಾಟಕದಲ್ಲಿಯೂ ಕಿರಮಾನಿ, ಮೆಕೆಂಜಿ ಎಂಬ ಇಬ್ಬರು ಚರಿತ್ರಕಾರರನ್ನು ಎದುರುಬದುರಾಗಿ ಕೂಡಿಸಿದರು. ಬರೆದವನು ರಂಗದ ಮೇಲೆ ಬಂದೊಡನೆ ಅವನ ಬರಹವು ಸತ್ಯವೆಂಬ ಪದವಿಯಿಂದಿಳಿದು ಸಾಕ್ಷ್ಯವೆಂಬ ಪದವಿಗೆ ಬರುತ್ತದೆ, ಸಾಕ್ಷಿಯನ್ನು ಪ್ರಶ್ನಿಸಬಹುದು. ಟೇಲರನಿಗೆ ಬೇಕಾದುದೂ ಇದೇ.

ಪ್ರಶ್ನಿಸುವವನು ಯಾರು? ಇದಕ್ಕೆ ಉತ್ತರವು ಮುದ್ರಿತ ನಾಟಕಗಳಲ್ಲಿಲ್ಲ, ಬಯಲಾಟದಲ್ಲಿದೆ. ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ವು 1957ರಲ್ಲಿ ಕರಾವಳಿಯ ಆಟಕ್ಕೆ ಶಾಸ್ತ್ರಗೌರವವನ್ನು ದೊರಕಿಸಿತು; ಎಚ್. ಕೆ. ರಂಗನಾಥರು 1960ರಲ್ಲಿ ಅಂಗ್ಲದಲ್ಲಿ ಕರ್ಣಾಟಕ ರಂಗಭೂಮಿಯ ಒಟ್ಟು ಚಿತ್ರವನ್ನು ಕೊಟ್ಟರು. ಚಂದ್ರಶೇಖರ ಕಂಬಾರರ ‘ಉತ್ತರ ಕರ್ನಾಟಕದ ಜನಪದ ರಂಗಭೂಮಿ’ಯು ದೊಡ್ಡಾಟ, ಸಣ್ಣಾಟಗಳನ್ನು ವಿದ್ವಾಂಸರ ಮುಂದಿಟ್ಟಿತು. ಬಯಲುಸೀಮೆಯ ಮಟ್ಟಿಗೆ ಈ ಮೂರನೆಯದೇ ನಮಗೆ ಹೆಚ್ಚು ಉಪಯುಕ್ತವಾದುದು. ಅದನ್ನು ಪರೀಕ್ಷೆಗಾಗಿ ಓದುವವರು ಬಹಳ, ಪ್ರಯೋಗಕ್ಕಾಗಿ ಓದುವವರು ಕಡಿಮೆ. ದೊಡ್ಡಾಟದಲ್ಲಿ ಪಾತ್ರವು ಮೊದಲು ರಂಗಕ್ಕೆ ಬಂದಾಗ ಸಾರಥಿಯು ನೀವು ಯಾರು, ಎತ್ತಣವರು ಎಂದು ವಿಚಾರಿಸುತ್ತಾನೆ; ಪಾತ್ರವು ತನ್ನ ಹೆಸರು, ನಾಡು, ಪರಾಕ್ರಮಗಳನ್ನು ತನ್ನ ಬಾಯಿಂದಲೇ ಹೇಳಿಕೊಳ್ಳುತ್ತದೆ. ಈ ಸಂಪ್ರದಾಯವನ್ನು ಕೆಲವರು ಹಳ್ಳಿಯ ಒಡ್ಡುತನವೆಂದು ನಗುವುದುಂಟು. ಸುರಪುರದ ಕಥೆಯಲ್ಲಿ ಇದರ ಬೆಲೆಯನ್ನು ನೋಡಿ: ಟೇಲರನ ಪುಸ್ತಕದಲ್ಲಿ ಅರಸನು ಯಾರೆಂಬುದನ್ನು ಹೇಳುವವನು ಸಾಹೇಬ; ಸಾರಥಿಯ ಮುಂದೆ ಅದನ್ನು ಅರಸನೇ ಹೇಳಬೇಕು. ಅದೇ ಸಾರಥಿಯು ಅದೇ ಪ್ರಶ್ನೆಯನ್ನು ಟೇಲರನಿಗೂ ಹಾಕಿದರೆ, ನಾನು ಇವನ ಅಪ್ಪನೆನ್ನುವನೋ, ಸರಕಾರದ ನೌಕರನೆನ್ನುವನೋ? ಒಂದು ನಾಟಕಕ್ಕೆ ಬೇಕಾದಷ್ಟು ಬೀಜವು ಈ ಒಂದು ಪ್ರಶ್ನೆಯಲ್ಲಿದೆ.

ಸೀಮೆಯ ಪ್ರೇಕ್ಷಕರಿಗೆ ತಂದೆಮಕ್ಕಳ ಯುದ್ಧವು ಹೊಸದೂ ಅಲ್ಲ. ಜೈಮಿನಿ ಭಾರತದ ಬಭ್ರುವಾಹನನು, ತನ್ನನ್ನು ಮಗನೆಂದು ಒಪ್ಪದೆ ಜರೆದ ಅರ್ಜುನನ ಮೇಲೆ ಬಿಲ್ಲೆತ್ತಿದ ಪ್ರಸಂಗವನ್ನು ಬಯಲಾಟಗಳು ಮನೆಮನೆಗೆ ಮುಟ್ಟಿಸಿವೆ. ಆ ಕಾವ್ಯವನ್ನು ಬರೆದ ಲಕ್ಷ್ಮೀಶನ ದೇವಪುರವು ಸುರಪುರ ತಾಲ್ಲೂಕಿನದೆಂದು ಒಂದು ಪಕ್ಷ, ಕಡೂರು ಸೀಮೆಯ ದೇವನೂರೆಂದು ಇನ್ನೊಂದು ಪಕ್ಷ. ಆ ಜಗಳಕ್ಕೆ ನಾವು ಇಲ್ಲಿ ಕೈಹಾಕುವುದಿಲ್ಲ. ಕಥೆಯು ಯಾರ ಊರಿನದಾದರೂ ಅದರ ಅಚ್ಚು ಈ ಜನರ ಮನಸ್ಸಿನಲ್ಲಿದೆಯೆಂಬುದು ನಿರ್ದೇಶಕನಿಗೆ ಸಾಕು. ಅಲ್ಲಿ ಮಗನ ಬಾಣಕ್ಕೆ ತಂದೆಯು ಬಿದ್ದರೂ ನಾಗಲೋಕದಿಂದ ಸಂಜೀವಕ ಮಣಿಯು ಬಂದು ಎಬ್ಬಿಸುತ್ತದೆ. ಇಲ್ಲಿ ಬೀಳುವವನು ಮಗ, ಬರುವುದು ಕಾಗದ. ಬಭ್ರುವಾಹನನ ಆಟವನ್ನು ಬಲ್ಲ ಪ್ರೇಕ್ಷಕನು ಮಣಿಗಾಗಿ ಕಾಯುವನು. ಶಿಕ್ಷೆ ಇಳಿಯಿತೆಂಬ ಕಾಗದವೇ ಮಣಿಯೆಂದು ಅವನು ಒಂದು ಗಳಿಗೆ ನಂಬುವಂತೆ ಮೇಳದವರು ನಡೆಸಬೇಕು. ಅರಿಸ್ಟಾಟಲನ ಪರಿವರ್ತನೆಯನ್ನು ಅರಿಸ್ಟಾಟಲನ ಹೆಸರನ್ನೇ ಕೇಳದವರಿಗೆ ಮುಟ್ಟಿಸುವ ಬಗೆ ಅದು.

ಕಡೆಯದಾಗಿ ಈಶ್ವರಮ್ಮನ ವಿಷಯ. ಟೇಲರನು ಆಕೆಯ ನಡತೆಯ ಬಗ್ಗೆ ಬರೆದುದನ್ನು ನಮ್ಮವರು ಹೆಚ್ಚು ವಿಚಾರಿಸದೆ ಒಪ್ಪಿಕೊಂಡಿರುವಂತೆ ಕಾಣುತ್ತದೆ. ಆಕೆಯ ಕಡೆಯಿಂದ ನೋಡಿದರೆ ಗಂಡನು ಸತ್ತ ಮೇಲೆ ಆಡಳಿತವು ಮೈದುನನ ಪಾಲಿಗೂ ಪರಕೀಯನ ಪಾಲಿಗೂ ಹೋಯಿತು. ಹೆತ್ತ ಮಗನು ಆ ಪರಕೀಯನನ್ನು ಅಪ್ಪನೆಂದನು. ಹೀಗಿರಲು ಆಕೆಯು ಸಾಹೇಬನನ್ನು ಮೆಚ್ಚದಿದ್ದುದು ದುರ್ನಡತೆಗೆ ಪ್ರಮಾಣವಾದೀತೆ? ರಂಗದ ಮೇಲೆ ಟೇಲರನು ಆಕೆಯ ಮೇಲಣ ಆರೋಪವನ್ನು ಓದುತ್ತಿರುವಾಗ ಆಕೆಯು ಪಕ್ಕದಲ್ಲಿ ಮಗನನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕುಳಿತಿರಲಿ. ಸಾರಥಿಯು ಆಕೆಯ ಕಡೆಗೆ ತಿರುಗಿ ಹೆಸರನ್ನು ಕೇಳಿದಾಗ, ಆಕೆಗೆ ಪದವನ್ನು ಬರೆದುಕೊಡುವುದು ನಾಟಕಕಾರನ ಪಾಲಿನ ಕೆಲಸ. ಅದಕ್ಕೆ ಟೇಲರನ ಪುಸ್ತಕದಿಂದ ಒಂದು ಸಾಲೂ ದೊರೆಯದು.